ಟುಟುವಿನ ಒಳಭಾಗ ನೋಡು, ಪುಟ್ಟಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಬ್ಯಾಲೆ ಹುಡುಗಿಯರು ತೊಡುವ ಟುಟು ಅನ್ನುವ ನೆಟ್ ಲಂಗದ ಉಡುಪು ಹೊಲಿಯುವ ಕಡೆ ನಿನಗೆ ಕೆಲಸ ಸಿಕ್ಕಿತು ಅಂದಾಗಿನಿಂದ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಈಗಿನ ಟುಟುಗಳೂ ಚೆನ್ನಾಗೇ ಇವೆಯಲ್ಲಮ್ಮ, ನಿನಗ್ಯಾಕೆ 1950ರ ದಶಕದವೇ ಬೇಕು?" ಅಂತ. ಅದು ಅವಸರದಲ್ಲಿ ಹೇಳಿ ಮುಗಿಸುವ ಮಾತಲ್ಲ ಅನ್ನಿಸಿ ಬರೆಯಲು ಕೂತೆ. ಆ ಕಾಲದಲ್ಲಿ ನಾನು ಹುಟ್ಟಿಯೂ ಇರಲಿಲ್ಲ, ನಿಜ. ಆದರೆ ನಾವು ನ್ಯೂಜೆರ್ಸಿಯಲ್ಲಿದ್ದಾಗ ಆ ದಶಕದ ಉಡುಪುಗಳು ನ್ಯೂಯಾರ್ಕ್ ಸಿಟಿ ಬ್ಯಾಲೆಯ ರಂಗದ ಮೇಲೆ ಇನ್ನೂ ಕುಣಿಯುತ್ತಿದ್ದವು. ಅವನ್ನು ನೋಡಿದ ಮೇಲೆ ನನ್ನ ಕಣ್ಣು ಬೇರೆಯದಕ್ಕೆ ಸುಲಭವಾಗಿ ಒಗ್ಗಲಿಲ್ಲ.

ಬಾರ್ಬರಾ ಕರಿನ್ಸ್ಕಾ ಅನ್ನುವ ಹೆಸರು ನಿನ್ನ ಕೆಲಸದ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿರಬೇಕು. 1886ರಲ್ಲಿ ಯುಕ್ರೇನಿನ ಖಾರ್ಕಿವ್‌ನಲ್ಲಿ ಹುಟ್ಟಿದ ಹೆಂಗಸು. ಸೋವಿಯತ್ ನಾಡು ಬಿಟ್ಟು ಪ್ಯಾರಿಸ್, ಲಂಡನ್ ದಾಟಿ ಕೊನೆಗೆ ನ್ಯೂಯಾರ್ಕಿನಲ್ಲಿ ನೆಲೆ ನಿಂತವಳು. 1948ರ ಜೋನ್ ಆಫ್ ಆರ್ಕ್ ಸಿನಿಮಾದ ಉಡುಪುಗಳಿಗೆ ಆಸ್ಕರ್ ಪಡೆದವರಲ್ಲಿ ಅವಳೂ ಒಬ್ಬಳು. ಆದರೆ ನನಗೆ ಅವಳು ದೊಡ್ಡವಳಾಗಿ ಕಾಣುವುದು 1950ರಲ್ಲಿ, ಅರವತ್ತು ದಾಟಿದ ಮೇಲೆ, ನ್ಯೂಯಾರ್ಕ್ ಸಿಟಿ ಬ್ಯಾಲೆಯ ನೃತ್ಯ ಸಂಯೋಜಕ ಬ್ಯಾಲಂಚೀನನ 'ಸಿಂಫನಿ ಇನ್ ಸಿ' ನೃತ್ಯಕ್ಕೆ ಹೊಲಿದ ಬಿಳಿ ಟುಟುಗಳಲ್ಲಿ.

ಫ್ರಾನ್ಸಿನ ಸಂಗೀತಗಾರ ಬಿಜೇ ತನ್ನ ಹದಿನೇಳನೇ ವಯಸ್ಸಿನಲ್ಲಿ ಬರೆದ ಸಂಗೀತ ಅದು. 1947ರಲ್ಲಿ ಬ್ಯಾಲಂಚೀನ್ ಅದನ್ನು ಪ್ಯಾರಿಸ್ ಒಪೆರಾಕ್ಕೆ ನೃತ್ಯವಾಗಿ ಕಟ್ಟಿದ, ಮರುವರ್ಷ ನ್ಯೂಯಾರ್ಕಿಗೆ ತಂದ. ಕೊನೆಯ ಭಾಗದಲ್ಲಿ ಸುಮಾರು ಐವತ್ತು ಜನ ಒಟ್ಟಿಗೆ ರಂಗದ ಮೇಲಿರುತ್ತಾರೆ. ಆಗ ಅವರಿಗಿದ್ದದ್ದು ಸಿಟಿ ಸೆಂಟರಿನ ಚಿಕ್ಕ ರಂಗ. ಹಳೇ ಮಾದರಿಯ ಟುಟುವಿನೊಳಗೆ ತಂತಿಯ ಬಳೆ ಇರುತ್ತದೆ, ಅದರಿಂದಲೇ ಅದು ತಟ್ಟೆಯ ಹಾಗೆ ಚಪ್ಪಟೆಯಾಗಿ ನಿಲ್ಲುವುದು. ಅಂಥವನ್ನು ತೊಟ್ಟವರು ಹತ್ತಿರ ಹತ್ತಿರ ನಿಂತರೆ ಏನಾಗುತ್ತದೆ ಅಂತ ಯೋಚಿಸು. ಒಬ್ಬಳ ಅಂಚು ಇನ್ನೊಬ್ಬಳಿಗೆ ತಾಗಿದರೆ ಇಡೀ ತಟ್ಟೆ ಒಂದು ಕಡೆಗೆ ವಾಲಿ, ಹಿಂದೆ ಮೇಲಕ್ಕೆದ್ದು, ನಡುಗುತ್ತಲೇ ಇರುತ್ತದೆ.

ಕರಿನ್ಸ್ಕಾ ತಂತಿಯನ್ನೇ ತೆಗೆದುಹಾಕಿದಳು. ಆರೇಳು ಪದರ ನೆಟ್ ಬಟ್ಟೆಯನ್ನು ನೆರಿಗೆ ಹಿಡಿದು ಒಂದರ ಮೇಲೊಂದು ಕೂರಿಸಿದಳು. ಪ್ರತಿ ಪದರವೂ ಕೆಳಗಿನದಕ್ಕಿಂತ ಅರ್ಧ ಇಂಚಿನಷ್ಟೇ ಉದ್ದ. ಒಳಗಿನ ಗಿಡ್ಡ ಪದರಗಳೇ ಮೇಲಿನವನ್ನು ಎತ್ತಿ ಹಿಡಿಯಬೇಕು. ಪದರಗಳನ್ನು ಬಿಗಿದು ಹೊಲಿಯದೆ ಅಲ್ಲಲ್ಲಿ ಸಡಿಲವಾಗಿ ಒಂದೊಂದು ಟಾಕು ಹಾಕಿ ಬಿಟ್ಟಳು. ಹಾಗಾಗಿ ಒಬ್ಬಳ ಲಂಗ ಇನ್ನೊಬ್ಬಳಿಗೆ ತಾಗಿದರೂ ಮೆತ್ತಗೆ ಬಗ್ಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ತೊಟ್ಟವಳ ಕಾಲೂ ಸೊಂಟದವರೆಗೆ ಕಾಣುತ್ತದೆ. ಆಮೇಲೆ ಜಗತ್ತಿನ ಎಷ್ಟೋ ಬ್ಯಾಲೆ ಕಂಪನಿಗಳು ಅದೇ ದಾರಿ ಹಿಡಿದವು.

ಇನ್ನು ಮೇಲಂಗಿ, ಅಂದರೆ ಟುಟುವಿನ ಸೊಂಟದ ಮೇಲಿನ ಭಾಗ. ನನ್ನಂಥ ಬ್ಲೌಸ್ ಹೊಲಿಯುವವಳ ಜೀವ ಇರುವುದೇ ಅಲ್ಲಿ. ಕ್ರಾಸ್ ಕಟ್ ಬ್ಲೌಸ್ ಯಾಕೆ ಮೈಗೆ ಹಿತ ಅಂತ ನಿನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದೆ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ಮೈಯ ಜೊತೆ ಹಿಗ್ಗುತ್ತದೆ. ಕರಿನ್ಸ್ಕಾ ನೇರ ತುಂಡುಗಳ ನಡುವೆ ಇಂಥ ಕ್ರಾಸ್ ತುಂಡುಗಳನ್ನು ಕೂಡಿಸಿ ಹೊಲಿಯುತ್ತಿದ್ದಳು. ನೋಡುವವರಿಗೆ ಬಿಗಿ ಮೇಲಂಗಿ, ಕುಣಿಯುವವಳಿಗೆ ಎದೆ ತುಂಬ ಉಸಿರೆಳೆಯುವಷ್ಟು ಜಾಗ. ನೀನು ಯಾವ ಹಳೇ ಟುಟು ಕೈಗೆತ್ತಿಕೊಂಡರೂ ಮೊದಲು ಅದನ್ನು ತಿರುವಿ ಒಳಗಿನ ಜೋಡಣೆ ನೋಡು. ಬೆನ್ನಿಗೆ ಒಂದರ ಪಕ್ಕ ಒಂದು ಸಾಲು ಹುಕ್ಕು ಇಟ್ಟಿರುತ್ತಾರೆ, ಒಂದೇ ಉಡುಪನ್ನು ಬೇರೆ ಬೇರೆ ಹುಡುಗಿಯರು ತೊಡಬೇಕಲ್ಲ.

ಆ ದಶಕದಲ್ಲಿ ರಂಗದ ಮೇಲಿದ್ದದ್ದು ಬೀದಿಗೂ ಇಳಿದಿತ್ತು. ಯುದ್ಧದ ಕಾಲದಲ್ಲಿ ಬಟ್ಟೆಯನ್ನು ಅಳೆದು ಅಳೆದು ಉಟ್ಟ ಯೂರೋಪಿಗೆ 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಡಿಯೋರ್ ಸಣ್ಣ ಸೊಂಟದ, ಗಜಗಟ್ಟಲೆ ಬಟ್ಟೆಯ ಲಂಗ ತೋರಿಸಿದ. ಕೆಲವರು ದುಂದು ಅಂತ ಸಿಟ್ಟಾದರು. ಆದರೆ ಎಷ್ಟೋ ವರ್ಷ ಬರಿದಾಗಿದ್ದ ಕಣ್ಣು ಅಂಥದ್ದಕ್ಕೆ ಹಾತೊರೆಯದೆ ಇರುತ್ತದೆಯೇ? ನೈಲಾನ್ ನೆಟ್ ಅಗ್ಗವಾಗುತ್ತಾ ಬಂದ ಹಾಗೆ ಅಮೆರಿಕದ ಹುಡುಗಿಯರು ಫ್ರಾಕಿನ ಕೆಳಗೆ ಎರಡು ಮೂರು ಪೆಟಿಕೋಟ್ ತೊಟ್ಟರು. ನಾವು ಹತ್ತಿ ಸೀರೆಗೆ ಗಂಜಿ ಹಾಕುವ ಹಾಗೆ ಅವರು ಪೆಟಿಕೋಟನ್ನು ಸಕ್ಕರೆ ನೀರಿನಲ್ಲಿ ಅದ್ದಿ ಒಣಗಿಸಿ ಸೆಟೆಸುತ್ತಿದ್ದರಂತೆ. ಬ್ಯಾಲೆ ಕಲಿತಿದ್ದ ಫ್ರೆಂಚ್ ಸಿನಿಮಾ ನಟಿ ಬ್ರಿಜಿತ್ ಬಾರ್ದೋ 1956ರಲ್ಲಿ ಬ್ಯಾಲೆ ಶೂ ಮಾಡುವ ರೋಸ್ ರೆಪೆಟ್ಟೋಳ ಹತ್ತಿರ ಬೀದಿಯಲ್ಲಿ ಓಡಾಡಲು ಅಂಥದೇ ಚಪ್ಪಟೆ ಶೂ ಮಾಡಿಸಿಕೊಂಡಳು. ಈಗ ನೀನು ಕಳಿಸುವ ಫೋಟೋಗಳಲ್ಲಿ ನಿನ್ನ ಗೆಳತಿಯರು ಜೀನ್ಸ್ ಜಾಕೆಟ್ಟಿಗೆ ನೆಟ್ ಲಂಗ ತೊಟ್ಟು ನಿಂತಿರುತ್ತಾರಲ್ಲ, ನೋಡಿದರೆ ಖುಷಿಯಾಗುತ್ತದೆ. ಆದರೆ ಒಂದೇ ಪದರ, ಇಲಾಸ್ಟಿಕ್ ಸೊಂಟಪಟ್ಟಿ. ಅವರಿಗಾಗಿ ಒಂದನ್ನು ಸರಿಯಾಗಿ ಪದರ ಕೂರಿಸಿ ಹೊಲಿದುಕೊಡು.

'ಸಿಂಫನಿ ಇನ್ ಸಿ'ಯ ಉಡುಪುಗಳನ್ನು 2012ರಲ್ಲಿ ಬದಲಾಯಿಸಿದರು. ಹೊಸದರಲ್ಲಿ ಸ್ವರೋವ್ಸ್ಕಿ ಹರಳುಗಳಿವೆ. ಮಾಡಿದವರ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೂ ನನ್ನ ಮನಸ್ಸು ಹಳೆಯದರ ಕಡೆಗೇ. ಹರಳು ಮಿಂಚಿದಾಗ ಕಣ್ಣು ಹರಳಿನ ಮೇಲೆ ನಿಲ್ಲುತ್ತದೆ. ಬರೀ ನೆಟ್ಟಿನ ಪದರಗಳ ನಡುವೆ ಬೆಳಕು ನುಸುಳಿದಾಗ ಕಣ್ಣು ಹುಡುಗಿಯ ಚಲನೆಯ ಹಿಂದೆಯೇ ಹೋಗುತ್ತದೆ. ನಿನ್ನ ಭರತನಾಟ್ಯದ ಡ್ರೆಸ್ಸಿಗೆ ನಾನು ಮುಂದಿನ ನೆರಿಗೆಯ ಫ್ಯಾನ್ ಹೊಲಿಯುವಾಗಲೂ ಜರಿ ಕಡಿಮೆ ಇರಲಿ, ಅರಮಂಡಿಯಲ್ಲಿ ನೆರಿಗೆ ಪೂರ್ತಿ ಬಿಚ್ಚಿಕೊಳ್ಳಲಿ ಅಂತ ಹಟ ಹಿಡಿಯುತ್ತಿದ್ದದ್ದು ಇದಕ್ಕೇ. ಅಂದ ಹಾಗೆ, ಭರತನಾಟ್ಯವನ್ನು ದೊಡ್ಡ ವೇದಿಕೆಗೆ ತಂದ ರುಕ್ಮಿಣಿ ದೇವಿ ಅರುಂಡೇಲ್ ಮೊದಲು ಕಲಿತದ್ದು ಬ್ಯಾಲೆ, ರಷ್ಯಾದ ಹೆಸರಾಂತ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾಳ ತಂಡದ ಕ್ಲಿಯೋ ನೋರ್ಡಿಯ ಹತ್ತಿರ. ನಮ್ಮ ನಾಟ್ಯದ ಕಡೆಗೆ ತಿರುಗು ಅಂತ ಅವರಿಗೆ ಹೇಳಿದವಳೂ ಪಾವ್ಲೋವಾಳೇ.

ಈ ಸೀಸನ್ನಿನಲ್ಲಿ ಬ್ಯಾಲಂಚೀನನ 'ಸೆರೆನೇಡ್' ಬ್ಯಾಲೆ ಇದ್ದರೆ ತಪ್ಪಿಸಿಕೊಳ್ಳಬೇಡ. ಅದರ ತಿಳಿನೀಲಿಯ ಉದ್ದ ಟುಟುಗಳು ಕರಿನ್ಸ್ಕಾ 1952ರಲ್ಲಿ ಮಾಡಿದ ವಿನ್ಯಾಸ. ಪರದೆ ಏಳುವಾಗ ಹದಿನೇಳು ಹುಡುಗಿಯರು ಬಲಗೈ ಎತ್ತಿ ನಿಂತಿರುತ್ತಾರೆ. ದುಬಾರಿ ಸೀಟು ಬೇಡ, ಮೇಲಿನ ಫೋರ್ತ್ ರಿಂಗ್ ಬಾಲ್ಕನಿಯಲ್ಲೇ ಕೂರು. ನಾನೂ ನಿನ್ನಪ್ಪನೂ ಅಲ್ಲೇ ಕೂರುತ್ತಿದ್ದೆವು. ಆ ಹುಡುಗಿಯರು ಓಡಿದಾಗ ಲಂಗ ಕಾಲಿಗಿಂತ ಒಂದು ಕ್ಷಣ ಹಿಂದೆ ಬರುತ್ತದೆ, ನಿಂತಾಗ ಒಂದು ಕ್ಷಣ ತಡವಾಗಿ ನಿಲ್ಲುತ್ತದೆ. ಆ ತಡ ಎಷ್ಟು ಅನ್ನುವುದನ್ನು ನೆಟ್ಟಿನ ತೂಕವೂ ನೆರಿಗೆಯ ಹಿಡಿತವೂ ಸೇರಿ ತೀರ್ಮಾನಿಸುತ್ತವೆ. ಅಲ್ಲಿ ಯಾವ ನೆಟ್ ಬಳಸುತ್ತಾರೆ, ನೈಲಾನೋ ಬೇರೆಯೋ, ಒಂದು ಲಂಗಕ್ಕೆ ಎಷ್ಟು ಗಜ ಹಿಡಿಯುತ್ತದೆ, ಎಲ್ಲ ಕೇಳಿ ನನಗೆ ಬರಿ. ಆದರೆ ಕೈಯಗಲದ ತುಂಡೊಂದನ್ನೂ ಲಕೋಟೆಯಲ್ಲಿಟ್ಟು ಕಳಿಸು. ಇಲ್ಲಿ ಚಿಕ್ಕಪೇಟೆಯಲ್ಲಿ ಸಿಗುವ ನೆಟ್ಟಿನ ಜೊತೆ ಹೋಲಿಸಿ ನೋಡಬೇಕು.

ರಾತ್ರಿ ಹೊಲಿಯುವಾಗ ದೀಪ ಎಡಗಡೆಯಿಂದ ಬೀಳಲಿ. ಊಟ ಬಿಡಬೇಡ.

ನಿನ್ನ
ಅಮ್ಮ