ಆ ಸ್ಟೋರ್ ರೂಮಿಗೆ ಕಿಟಕಿ ಇದೆಯಾ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಏನೋ ಒಂದು ಹೇಳಿ ಮುಗಿಸಿಬಿಟ್ಟೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ. ನಿನ್ನ ಹಾಗೆ ಹಾಸ್ಟೆಲ್ ನೋಡಿಕೊಳ್ಳುವ ಬೇರೆಯವರೂ ಓದಲಿ ಅಂತ ಎಲ್ಲರ ಎದುರಿಗೇ ಇಡುತ್ತಿದ್ದೇನೆ. ನೀನು ಬೇಡ ಅನ್ನುವುದಿಲ್ಲ ಅಂತ ಗೊತ್ತು.

ನಿಮ್ಮ ಮೆಸ್ಸಿನಲ್ಲಿ ಹುಡುಗರು ಟೇಬಲ್ಲುಗಳನ್ನು ಧರ್ಮದ ಲೆಕ್ಕದಲ್ಲಿ ಹಂಚಿಕೊಂಡುಬಿಟ್ಟಿದ್ದಾರೆ ಅಂದೆ. ಜಗಳ ಇಲ್ಲ, ಆದರೆ ಮಾತೂ ಇಲ್ಲ ಅಂದೆ. ಅದಕ್ಕೆ ಒಂದು ಸರ್ವಧರ್ಮ ಸಮಾರಂಭ ಮಾಡಿಬಿಡೋಣ ಅನ್ನುವ ಮಾತು ನಡೆದಿದೆಯಂತೆ. ಒಬ್ಬರು ಸ್ವಾಮಿಗಳು, ಒಬ್ಬರು ಮೌಲವಿ, ಒಬ್ಬರು ಫಾದರ್. ದೀಪ ಹಚ್ಚುವುದು, ಶಾಲು ಹೊದಿಸುವುದು, ಫೋಟೋ. ‘ನೀನು ಅಮೆರಿಕದ ಎಂಐಟಿಯಲ್ಲಿ ಎರಡು ವರ್ಷ ಓದಿದೆಯಲ್ಲ, ಅಲ್ಲಿ ಇಂಥದ್ದೆಲ್ಲ ಹೇಗೆ ಮಾಡ್ತಾರೆ?’ ಅಂತ ಕೇಳಿದೆ.

ಸಮಾರಂಭದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಒಂದು ಕೋಣೆಯ ಬಗ್ಗೆ ಗೊತ್ತು. ಅದನ್ನು ಹೇಳ್ತೇನೆ.

2022ರ ಆಗಸ್ಟಿನಲ್ಲಿ ಹೋದೆ. ನವೆಂಬರಿನಲ್ಲಿ ಅಜ್ಜಿ ತೀರಿಕೊಂಡಳು. ನಿನಗೆ ನೆನಪಿರಬೇಕು, ನೀನೇ ಹೋಗಿ ಅಪ್ಪನ ಜೊತೆ ನಿಂತಿದ್ದೆ. ನನಗೆ ಫೋನ್ ಬಂದಾಗ ಅಲ್ಲಿ ಬೆಳಗಿನ ಜಾವ 4 ಗಂಟೆ. ವಿಮಾನ ಹತ್ತಿದರೂ ಅಜ್ಜಿಯ ಮುಖ ಸಿಗುವುದಿಲ್ಲ. ಬೆಳಗ್ಗೆ ಲ್ಯಾಬಿಗೆ ಹೋದೆ. ಕಂಪ್ಯೂಟರ್ ಮುಂದೆ ಕೂತೆ. ಏನೂ ಕಾಣಲಿಲ್ಲ. ಪಕ್ಕದ ಕುರ್ಚಿಯ ಹುಡುಗ ಲಾಹೋರಿನವನು. ಆಗಿನ್ನೂ ಅಷ್ಟು ಪರಿಚಯ ಇರಲಿಲ್ಲ. ನನ್ನ ಮುಖ ನೋಡಿ, ‘ಬಾ’ ಅಂತ ಎಬ್ಬಿಸಿ ಕರೆದುಕೊಂಡು ಹೋದ.

ರಸ್ತೆ ದಾಟಿದರೆ ಅಲ್ಲಿ ಒಂದು ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ ಇದೆ. ಹೊರಗಿನಿಂದ ನೋಡಿದರೆ ಇಟ್ಟಿಗೆಯ ದೊಡ್ಡ ಕಣಜದ ಹಾಗೆ. ದುಂಡಗೆ, ಸುಮಾರು 50 ಅಡಿ ಅಗಲ. ಗೋಡೆಯಲ್ಲಿ ಕಿಟಕಿ ಇಲ್ಲ. ಫಿನ್‌ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಈರೋ ಸಾರಿನೆನ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. 1955ರಲ್ಲಿ ಬಾಗಿಲು ತೆರೆಯಿತು. ಇಟ್ಟಿಗೆಗಳು ಒಂದೇ ಸಮ ಇಲ್ಲ, ಒರಟು ಒರಟು. ಸುತ್ತ ಒಂದು ಸಣ್ಣ ನೀರಿನ ಕಂದಕ. ಗೋಡೆಯ ಬುಡದಲ್ಲಿ ಕಮಾನುಗಳಿವೆ. ಬಿಸಿಲು ಆ ನೀರಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ, ಕೆಳಗಿನಿಂದ ಒಳಗೆ ಬರುತ್ತದೆ. ಒಳಗೋಡೆಯ ಮೇಲೆ ಬೆಳಕು ಅಲುಗುತ್ತಾ ಇರುತ್ತದೆ. ನಮ್ಮೂರ ಕಲ್ಯಾಣಿಯ ಮೆಟ್ಟಿಲ ಮೇಲೆ ಮಧ್ಯಾಹ್ನ ಅಲುಗುತ್ತದಲ್ಲ, ಹಾಗೇ. ನಡುವೆ ಬಿಳಿ ಅಮೃತಶಿಲೆಯ ಒಂದು ದಿಮ್ಮಿ. ಅದರ ಹಿಂದೆ, ಮೇಲಿನ ದುಂಡು ಬೆಳಕಿಂಡಿಯಿಂದ ಕೆಳಗಿನವರೆಗೆ ತಂತಿಗಳು, ತಂತಿಗಳಿಗೆ ಸಣ್ಣ ಸಣ್ಣ ಲೋಹದ ತುಂಡುಗಳು. ಹ್ಯಾರಿ ಬರ್ಟೋಯಾ ಎಂಬ ಶಿಲ್ಪಿ ಮಾಡಿದ್ದು. ಬಿಸಿಲುಮಳೆ ಬಿದ್ದ ಹಾಗೆ ಕಾಣುತ್ತದೆ.

ಅಷ್ಟೇ ಅಲ್ಲಿರುವುದು. ಶಿಲುಬೆ ಇಲ್ಲ, ಓಂ ಇಲ್ಲ, ಯಾವ ಗುರುತೂ ಇಲ್ಲ. ಯಾರು ಪ್ರಾರ್ಥನೆ ಮಾಡಿದರೂ ತಮಗೆ ಬೇಕಾದ್ದನ್ನು ತಾವೇ ತರಬೇಕು, ಮುಗಿದ ಮೇಲೆ ತೆಗೆದುಕೊಂಡು ಹೋಗಬೇಕು.

ನಾನು ಕೂತೆ. ಅಜ್ಜಿ ಕಲಿಸಿದ ವಿಷ್ಣು ಸಹಸ್ರನಾಮ ಹೇಳೋಣ ಅಂತ ಶುರು ಮಾಡಿದೆ. ಮೂರನೇ ಶ್ಲೋಕಕ್ಕೆ ಗಂಟಲು ಕಟ್ಟಿತು. ಅತ್ತುಬಿಟ್ಟೆ. ಅವನು ಎರಡು ಸಾಲು ಹಿಂದೆ ಕೂತಿದ್ದ. ಹತ್ತಿರ ಬರಲಿಲ್ಲ, ಬೆನ್ನು ಸವರಲಿಲ್ಲ. ಆಮೇಲೆ ಮೆಲ್ಲಗೆ ಏನೋ ಹೇಳಿದ. ಇನ್ನಾ ಲಿಲ್ಲಾಹಿ ಅಂತ ಶುರುವಾಗುವ ಮಾತು. ಅರ್ಥ ಕೇಳಿದೆ. ‘ನಾವು ದೇವರಿಗೆ ಸೇರಿದವರು, ಅವನ ಹತ್ತಿರಕ್ಕೇ ವಾಪಸ್ ಹೋಗುವವರು.’ ಸಾವಿನ ಸುದ್ದಿ ಕೇಳಿದಾಗ ಅವರ ಮನೆಯಲ್ಲಿ ಮೊದಲು ಹೇಳುವುದು ಇದನ್ನೇ ಅಂತೆ. ಅಜ್ಜಿಗೆ ಅವತ್ತು ನಾನು ಕೊಟ್ಟ ಎಳ್ಳುನೀರು ಆ ಮಾತೇ ಅಂತ ಇವತ್ತಿಗೂ ಅಂದುಕೊಂಡಿದ್ದೇನೆ.

ಆ ಗೋಡೆಯ ಮೇಲೆ ಯಾವುದೋ ಒಂದು ದೇವರ ಪಟ ಇದ್ದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ನೆಂಟರ ಮನೆಯಲ್ಲಿ ಕೂತ ಹಾಗೆ ಕೂರಬೇಕಾಗುತ್ತಿತ್ತು. ಅಲ್ಲಿ ಇಬ್ಬರೂ ನೆಂಟರಲ್ಲ.

ಊಟ ಶುರುವಾಗಿದ್ದು ಅದಾದ ಮೇಲೆ. ಯಾರೂ ಆಯೋಜಿಸಿದ್ದಲ್ಲ. ಅವನು, ನಾನು, ನ್ಯೂಯಾರ್ಕಿನ ಒಬ್ಬ ಯಹೂದಿ ಹುಡುಗಿ, ಅಹಮದಾಬಾದಿನ ಒಬ್ಬ ಜೈನ ಹುಡುಗ, ಕೊರಿಯಾದ ಒಬ್ಬಳು ಕ್ರೈಸ್ತ ಹುಡುಗಿ. ಹದಿನೈದು ದಿನಕ್ಕೊಮ್ಮೆ ಒಬ್ಬರ ಅಡುಗೆಮನೆ. ಮೊದಲ ಸಲ ಇಡೀ ಸಂಜೆ ಹೋಗಿದ್ದು ಯಾರು ಏನು ತಿನ್ನಬಹುದು ಅನ್ನುವುದರಲ್ಲೇ. ಅವನಿಗೆ ಹಲಾಲ್ ಆಗಬೇಕು. ಯಹೂದಿ ಹುಡುಗಿಗೆ ಕೋಷರ್ ಆಗಬೇಕು, ಅಂದರೆ ಅವರ ಧರ್ಮದ ಊಟದ ಕಟ್ಟಳೆ, ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ. ಜೈನ ಹುಡುಗನಿಗೆ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬೇಡ. ನನಗೆ ಮೊಟ್ಟೆ ಸೇರದು. ಕೊನೆಗೆ ಎರಡು ಹೊಸ ಪಾತ್ರೆ ತಂದೆವು, ಕಾಗದದ ತಟ್ಟೆ ತಂದೆವು, ಬರೀ ತರಕಾರಿ ಅಂತ ಇಟ್ಟುಕೊಂಡೆವು. ನೀನು ಇದನ್ನು ಕಷ್ಟ ಅಂದುಕೊಳ್ಳಬೇಡ. ಒಬ್ಬರ ತಟ್ಟೆಗೆ ಏನು ಬೀಳಬಾರದು ಅಂತ ಕಲಿತರೆ ಅರ್ಧ ಪರಿಚಯ ಅಲ್ಲೇ ಆಗಿಹೋಗುತ್ತದೆ.

2023ರ ವಸಂತ ನೋಡಬೇಕಿತ್ತು. ಮಾರ್ಚ್ 22ಕ್ಕೆ ಯುಗಾದಿ. ಮರುದಿನದಿಂದಲೇ ರಂಜಾನ್ ಉಪವಾಸ. ಏಪ್ರಿಲ್ 5ರ ಸಂಜೆ ಯಹೂದಿಗಳ ಪಾಸೋವರ್ ಹಬ್ಬ. 9ಕ್ಕೆ ಈಸ್ಟರ್. ನಡುವೆ ರಾಮನವಮಿ, ಮಹಾವೀರ ಜಯಂತಿ. ನಮ್ಮ ಯುಗಾದಿ ಅಮಾವಾಸ್ಯೆಯ ಮರುದಿನ, ಅವರ ಪಾಸೋವರ್ ಹುಣ್ಣಿಮೆಗೆ. ಅವರ ಪಂಚಾಂಗದಲ್ಲೂ ನಮ್ಮ ಹಾಗೇ ಚಂದ್ರನ ತಿಂಗಳು, ಋತು ತಪ್ಪಬಾರದು ಅಂತ ಆಗಾಗ ಒಂದು ಅಧಿಕ ಮಾಸ. ಹಾಗಾಗಿ ಎಷ್ಟೋ ವರ್ಷ ಎರಡೂ ಹದಿನೈದು ದಿನದ ಅಂತರದಲ್ಲಿ ಬರುತ್ತವೆ. ನನಗೆ ಅದು ಗೊತ್ತೇ ಇರಲಿಲ್ಲ.

ಯುಗಾದಿಗೆ ನಾನು ಬೇವು-ಬೆಲ್ಲ ಮಾಡಿದೆ. ಬೇವಿನ ಹೂವನ್ನು ಅಮ್ಮ ಒಣಗಿಸಿ, ಯಾರದೋ ಕೈಲಿ ಪೊಟ್ಟಣ ಕಳಿಸಿದ್ದಳು. ಎಲ್ಲರ ಅಂಗೈಗೆ ಚೂರು ಚೂರು ಹಾಕಿದೆ. ಯಾಕೆ ಅಂತ ಹೇಳಿದೆ. ಯಹೂದಿ ಹುಡುಗಿ ಬಾಯಿಗೆ ಹಾಕಿಕೊಂಡು ಸುಮ್ನೆ ಕೂತುಬಿಟ್ಟಳು. ಆಮೇಲೆ ಹೇಳಿದಳು. ಅವರ ಪಾಸೋವರ್ ಊಟದಲ್ಲೂ ಒಂದು ಕಹಿ ಇದೆ, ಮಾರೋರ್ ಅಂತ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ದಿನಗಳ ನೆನಪಿಗೆ. ಜೊತೆಗೆ ಒಂದು ಸಿಹಿಯೂ ಇದೆ. ಸೇಬು, ಬೀಜ, ದ್ರಾಕ್ಷಾರಸ ಕಲಸಿದ್ದು, ಹೆಸರು ಖರೋಸೆತ್. ಗುಲಾಮರಾಗಿ ಕಲಸಿದ ಗಾರೆಯ ನೆನಪು ಅದು. ಆ ಕಹಿಯನ್ನು ಈ ಸಿಹಿಯಲ್ಲಿ ಅದ್ದಿ ತಿನ್ನಬೇಕು.

ಎರಡು ವಾರ ಕಳೆದು ಅವಳು ನಮ್ಮನ್ನೆಲ್ಲ ಕರೆದಳು. ಲಾಹೋರಿನವನಿಗೆ ಉಪವಾಸ. ಸಂಜೆ 7 ಗಂಟೆ ದಾಟಿದ ಮೇಲೆ ಸೂರ್ಯ ಮುಳುಗಿತು. ಅವನು ಖರ್ಜೂರ ಬಾಯಿಗಿಟ್ಟು ನೀರು ಕುಡಿದ. ಅವಳು ಕಾದಿದ್ದಳು. ಅವರ ಊಟದ ವಿಧಿಯೂ ಕತ್ತಲಾದ ಮೇಲೇ ಶುರು. ಹಿಂದಿನ ದಿನ ನಾನು ಚಿತ್ರಾನ್ನ ಮಾಡಿ ತರ್ತೇನೆ ಅಂದಿದ್ದೆ. ಬೇಡ ಅಂದಳು. ಪಾಸೋವರಿನ ದಿನಗಳಲ್ಲಿ ಅವರ ಮನೆಯಲ್ಲಿ ಅಕ್ಕಿ ಮುಟ್ಟುವುದಿಲ್ಲ. ಯುರೋಪಿನ ಕಡೆಯ ಯಹೂದಿಗಳು ಬಿಡುತ್ತಾರೆ, ಸ್ಪೇನ್ ಮೂಲದವರು ಎಷ್ಟೋ ಜನ ತಿನ್ನುತ್ತಾರೆ. ನನಗೆ ಥಟ್ಟನೆ ಅಜ್ಜಿಯ ಏಕಾದಶಿ ನೆನಪಾಯಿತು. ಅವತ್ತು ಅಕ್ಕಿ ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ, ಅಲ್ವಾ?

ಇನ್ನು ಅಲ್ಲಿನ ವ್ಯವಸ್ಥೆ. ನೀನು ಕೇಳಿದ್ದು ಅದನ್ನೇ ಆದ್ದರಿಂದ ಹೇಳ್ತೇನೆ, ಬೇಗ ಮುಗಿಸ್ತೇನೆ. ಒಂದೊಂದು ಧರ್ಮಕ್ಕೂ ಚಾಪ್ಲೇನ್ ಅಂತ ಒಬ್ಬರು ಇರುತ್ತಾರೆ. ಮನಸ್ಸಿಗೆ ಭಾರವಾದಾಗ ಹೋಗಿ ಮಾತಾಡಬಹುದು, ಆ ಮಾತು ಹೊರಗೆ ಹೋಗುವುದಿಲ್ಲ. ಬಾಸ್ಟನ್ನಿನ ರಾಮಕೃಷ್ಣ ವೇದಾಂತ ಸೊಸೈಟಿಯ ಸ್ವಾಮಿ ತ್ಯಾಗಾನಂದರು ಎಂಐಟಿ ಮತ್ತು ಹಾರ್ವರ್ಡ್ ಎರಡು ಕಡೆಯೂ ಈ ಕೆಲಸ ಮಾಡಿದವರು. ಪ್ರಿನ್ಸ್‌ಟನ್ ಯೂನಿವರ್ಸಿಟಿ 2008ರಲ್ಲಿ ಪೂರ್ಣಾವಧಿಗೆ ಒಬ್ಬ ಹಿಂದೂ ಚಾಪ್ಲೇನರನ್ನು ನೇಮಿಸಿಕೊಂಡಿತು. ಅದೇ ವರ್ಷ ಲಾಸ್ ಏಂಜಲಿಸ್‌ನ ಯುಎಸ್‌ಸಿ ಅನ್ನುವ ಯೂನಿವರ್ಸಿಟಿಯಲ್ಲಿ ಧಾರ್ಮಿಕ ಜೀವನದ ಡೀನ್ ಆಗಿ ಬಂದವರು ವರುಣ್ ಸೋನಿ. ನನಗೆ ತುಂಬ ಹಿಡಿಸಿದ್ದು ಹಾರ್ವರ್ಡಿನದು. 2021ರಲ್ಲಿ ಅಲ್ಲಿನ ಚಾಪ್ಲೇನರೆಲ್ಲ ಸೇರಿ ತಮ್ಮ ಅಧ್ಯಕ್ಷರಾಗಿ ಗ್ರೆಗ್ ಎಪ್‌ಸ್ಟೈನ್ ಅವರನ್ನು ಆರಿಸಿದರು. ಅವರು ದೇವರನ್ನು ನಂಬದವರು. ಪಾದ್ರಿ, ರಬ್ಬಿ, ಇಮಾಮ್ ಎಲ್ಲರೂ ಇರುವ ಗುಂಪಿಗೆ ಒಬ್ಬ ನಾಸ್ತಿಕ ಅಧ್ಯಕ್ಷ! ನಿನ್ನ ಹಾಸ್ಟೆಲಿನಲ್ಲೂ ಏನನ್ನೂ ನಂಬದ ಹುಡುಗರು ಇರುತ್ತಾರೆ. ಅವರಿಗೂ ಅಜ್ಜಿಯರು ಸಾಯುತ್ತಾರೆ. ನೀನು ಅಂಥ ಒಂದು ಕೋಣೆ ಮಾಡಿದರೆ ಅದು ಅವರದ್ದೂ ಆಗಬೇಕು.

ಇನ್ನೊಂದು ಮಾತು. ಬೇರೆ ಧರ್ಮದ ಮಕ್ಕಳನ್ನು ತನ್ನ ಕಡೆ ಎಳೆದುಕೊಳ್ಳಬಾರದು ಅನ್ನುವುದು ಇಂಥ ಕಡೆ ಸಾಮಾನ್ಯವಾಗಿ ಎಲ್ಲರೂ ಒಪ್ಪಿಕೊಂಡ ಕಟ್ಟುಪಾಡು. ಇದನ್ನು ಮಾತ್ರ ಮೊದಲ ದಿನವೇ ಬಾಯಿಬಿಟ್ಟು ಹೇಳು. ಇಲ್ಲದಿದ್ದರೆ ಹೆತ್ತವರಿಗೆ ಭಯ ಹೋಗುವುದಿಲ್ಲ. ಆ ಭಯ ಸುಳ್ಳು ಅಂತ ನಾನು ಹೇಳುವುದೂ ಇಲ್ಲ.

ಎಲ್ಲಾ ಚೆನ್ನಾಗೇ ನಡೆಯಿತು ಅಂತ ಬರೆದರೆ ನಿನಗೆ ಮೋಸ ಮಾಡಿದ ಹಾಗೆ. 2023ರ ಅಕ್ಟೋಬರ್ 7 ಬಂತು, ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ ದಿನ. ಯಹೂದಿ ಹುಡುಗಿಯ ಚಿಕ್ಕಪ್ಪನ ಮನೆ ಇಸ್ರೇಲಿನಲ್ಲಿ. ಎರಡು ದಿನ ಫೋನ್ ಕೈಯಿಂದ ಬಿಡಲಿಲ್ಲ. ಆಮೇಲೆ ಗಾಜಾದ ಚಿತ್ರಗಳು ಬರತೊಡಗಿದವು. ಲಾಹೋರಿನವನು ರಾತ್ರಿ ಮಲಗುತ್ತಿರಲಿಲ್ಲ. ಒಂದು ಊಟದಲ್ಲಿ ಇಬ್ಬರೂ ಒಂದೊಂದು ಮಾತು ಆಡಿದರು. ಎರಡೂ ನೋವಿನ ಮಾತೇ. ಅವಳು ಎದ್ದು ಹೋದಳು. ಐದು ತಿಂಗಳು ಆ ಟೇಬಲ್ಲು ಮತ್ತೆ ಸೇರಲಿಲ್ಲ. ನಾವು ಉಳಿದ ಮೂವರು ಅವನ ಹತ್ತಿರ ಒಂದು ದಿನ, ಅವಳ ಹತ್ತಿರ ಒಂದು ದಿನ ಹೋಗಿ ಕೂರುತ್ತಿದ್ದೆವು. ಏನು ಹೇಳಬೇಕು ಅಂತ ತಿಳಿಯುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಹೊವರ್ಡ್ ಥರ್ಮನ್ ಎಂಬ ಕ್ರೈಸ್ತ ಧರ್ಮಗುರುವಿನ ಬಗ್ಗೆ ತುಂಬ ಓದಿದೆ. ನದಿಯಾಚೆ ಬಾಸ್ಟನ್ ಯೂನಿವರ್ಸಿಟಿಯ ಮಾರ್ಷ್ ಚಾಪೆಲ್‌ಗೆ 1953ರಿಂದ 1965ರವರೆಗೆ ಡೀನ್ ಆಗಿದ್ದವರು. ಕಪ್ಪು ಜನಾಂಗದವರು, ಅವರ ಅಜ್ಜಿ ಗುಲಾಮಗಿರಿಯಲ್ಲಿ ಬದುಕಿದವಳು. ಅವರು ಡೀನ್ ಆಗಿ ಬಂದಾಗ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಓದುತ್ತಿದ್ದರು. ಥರ್ಮನ್ 1935ರಲ್ಲಿ ನಮ್ಮ ಕಡೆ ಬಂದಿದ್ದರು, 1936ರಲ್ಲಿ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡರು. ಅದಕ್ಕೂ ಮೊದಲು ಕೊಲಂಬೋದಲ್ಲಿ ಒಬ್ಬ ವಕೀಲ ಅವರನ್ನು ನೇರವಾಗಿ ಕೇಳಿದ. ನಿಮ್ಮವರನ್ನು ಗುಲಾಮರಾಗಿ ಮಾರಿದವರು ಕ್ರೈಸ್ತರು, ನೀವು ಕ್ರೈಸ್ತರಾಗಿ ಇಲ್ಲಿಗೆ ಹೇಗೆ ಬಂದಿರಿ ಅಂತ. ಎಂಥ ಪ್ರಶ್ನೆ ನೋಡು. ಥರ್ಮನ್ ಸಿಟ್ಟಾಗಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಎಷ್ಟೋ ವರ್ಷ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಓಡಾಡಿದರು, ಅದರ ಮೇಲೇ ಬರೆದರು. ನಮ್ಮ ಟೇಬಲ್ಲಿನಲ್ಲಿ ನಾವು ಒಂದು ವರ್ಷ ಬರೀ ಹಬ್ಬದ ಊಟ ಮಾಡಿದ್ದೆವು. ಇಂಥ ಪ್ರಶ್ನೆ ಒಂದನ್ನೂ ಕೇಳಿರಲಿಲ್ಲ. ಅದಕ್ಕೇ ಮೊದಲ ಏಟಿಗೇ ಮುರಿಯಿತು ಅಂತ ನನಗೆ ಅನ್ನಿಸುತ್ತದೆ.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಅದೇ ದಿನ ರಂಜಾನಿನ ಕೊನೆಯ ಉಪವಾಸ. ಇಬ್ಬರನ್ನೂ ಕರೆದೆ. ಇಬ್ಬರೂ ಬರ್ತಾರೆ ಅಂತ ಇಬ್ಬರಿಗೂ ಮುಂಚೆಯೇ ಹೇಳಿದೆ. ಅವಳು ಬಂದಳು. ಅವನು ಸೂರ್ಯ ಮುಳುಗುವ ಹೊತ್ತಿಗೆ ಬಂದ. ಖರ್ಜೂರದ ತಟ್ಟೆ ಅವಳ ಹತ್ತಿರ ಇತ್ತು. ಅವಳೇ ಎತ್ತಿ ಕೊಟ್ಟಳು. ಬೇವು-ಬೆಲ್ಲ ಹಂಚಿದೆ, ಎಲ್ಲರೂ ತಿಂದೆವು. ಆಮೇಲೆ ಅವನು ಕೇಳಿದ, ‘ನಿನ್ನ ಚಿಕ್ಕಪ್ಪನ ಮನೆಯವರು ಹೇಗಿದ್ದಾರೆ?’ ಅವಳು ಹೇಳಿದಳು. ಆಮೇಲೆ ಅವಳೂ ಕೇಳಿದಳು. ರಾತ್ರಿ ಒಂದು ಗಂಟೆಯವರೆಗೆ ಮಾತಾಡಿದೆವು. ಒಬ್ಬರು ಇನ್ನೊಬ್ಬರ ಮಾತು ಒಪ್ಪಲಿಲ್ಲ. ಹನ್ನೆರಡು ದಿನ ಕಳೆದು ಚಾಪೆಲ್ ಹತ್ತಿರದ ಹುಲ್ಲುಹಾಸಿನ ಮೇಲೆ ಗಾಜಾ ಯುದ್ಧದ ವಿರುದ್ಧ ಪ್ರತಿಭಟನೆಯ ಟೆಂಟುಗಳು ಎದ್ದವು. ಅವನು ಅಲ್ಲಿಗೆ ಹೋಗುತ್ತಿದ್ದ, ಅವಳು ಆ ದಾರಿ ಬಿಟ್ಟು ಓಡಾಡುತ್ತಿದ್ದಳು. ಆದರೂ ಪರೀಕ್ಷೆ ಮುಗಿಯುವವರೆಗೆ ಇನ್ನೂ ಎರಡು ಸಲ ಒಟ್ಟಿಗೆ ಉಂಡೆವು.

ಇದೆಲ್ಲ ನಿನಗೆ ನಾನು ಹೇಳಬೇಕಿಲ್ಲ ಅಂತಲೂ ಅನ್ನಿಸುತ್ತದೆ. ನಿನ್ನೂರು ಕೊಪ್ಪಳದ ಕಡೆ. ನೀನೇ ನನ್ನನ್ನು ಒಂದು ಸಲ ಮೊಹರಂಗೆ ಕರೆದುಕೊಂಡು ಹೋಗಿದ್ದೆ. ಅಲಾಯಿ ಕುಣಿ ತೋಡಿ, ಬೆಂಕಿ ಹಾಕಿ, ಸುತ್ತ ಹೆಜ್ಜೆ ಹಾಕುತ್ತಿದ್ದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಆ ಕಡೆ ಅಲಾಯಿ ದೇವರು ಕೂರುತ್ತವೆ. ನಿನ್ನ ಮೆಸ್ಸಿನಲ್ಲಿ ಬೇರೆ ಬೇರೆ ಕೂತಿರುವ ಹುಡುಗರಲ್ಲಿ ಎಷ್ಟೋ ಜನ ಅಂಥ ಊರುಗಳಿಂದಲೇ ಬಂದವರು. ಒಂದು ಸಲ ಕೇಳಿ ನೋಡು.

ಸಮಾರಂಭ ಮಾಡಲಿ ಬಿಡು, ನೀನು ತಡೆಯಬೇಡ. ಆದರೆ ಮೆಸ್ಸಿನ ಹಿಂದೆ ಹಳೇ ಸ್ಟೋರ್ ರೂಮು ಇದೆ ಅಂದೆಯಲ್ಲ, ಅದನ್ನು ಕೇಳಿ ತಗೋ. ಸುಣ್ಣ ಹೊಡೆಸು. ಚಾಪೆ ಹಾಸು. ಗೋಡೆಗೆ ಏನೂ ಹಾಕಬೇಡ, ಮಹಾತ್ಮರ ಫೋಟೋ ಕೂಡ ಬೇಡ. ಮೈಕ್ ಅಂತೂ ಬೇಡವೇ ಬೇಡ. ಹೊರಗೆ ಚಪ್ಪಲಿ ಬಿಡಲು ಜಾಗ ಇರಲಿ, ಕೈಕಾಲು ತೊಳೆಯಲು ಒಂದು ನಲ್ಲಿ ಇರಲಿ. ನಮಾಜಿಗೂ ಬೇಕು, ಸಂಧ್ಯಾವಂದನೆಗೂ ಬೇಕು. ಸಂಜೆ ಒಂದು ಗಂಟೆ ನೀನು ಬಾಗಿಲ ಹತ್ತಿರ ಪುಸ್ತಕ ಓದುತ್ತಾ ಕೂತಿರು. ಯಾರಾದರೂ ಮಾತಾಡಿದರೆ ಮಾತಾಡು. ಮೊದಲ ತಿಂಗಳು ಯಾರೂ ಬರದೇ ಇರಬಹುದು.

ಪಾತ್ರೆ, ಚಾಪೆಯ ಖರ್ಚು ನನ್ನದು. ಅದರಲ್ಲಿ ಮಾತಿಲ್ಲ. ಆದರೆ ಅಳತೆ ಬರೆದು ಕಳಿಸು. ಎಷ್ಟು ಅಡಿ ಇದೆ, ಬಾಗಿಲು ಯಾವ ದಿಕ್ಕಿಗೆ, ನಲ್ಲಿ ಎಷ್ಟು ದೂರ. ಮತ್ತೆ ಕಿಟಕಿ ಇದೆಯಾ? ಇದ್ದರೆ ಸಂಜೆಯ ಬಿಸಿಲು ಒಳಗೆ ಬರುತ್ತದಾ?

ನಿನ್ನ
ಹಳೇ ಗೆಳೆಯ