ಅಮ್ಮನಿಗೆ ಹೇಳು, ಕಾಲಿಗೇನೂ ಆಗಲ್ಲ

ಡೆನ್ವರ್
ಫೆಬ್ರವರಿ ಕೊನೆ ವಾರ

ಪ್ರೀತಿಯ ಅಣ್ಣನಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮ, ಅತ್ತಿಗೆ, ಚಿನ್ನು ಎಲ್ಲರೂ ಕ್ಷೇಮ ಅಂದ್ಕೊಂಡಿದ್ದೀನಿ. ಮೆಣಸು ಕೊಯ್ಲು ಎಲ್ಲಿಗೆ ಬಂತು? ಸೋಮವಾರಪೇಟೆ ಕಡೆ ಮೋಡ ಆಗ್ತಿದೆಯಾ?

ಇವರು ಗ್ರೂಪಿಗೆ ಹಾಕಿದ ಮಕ್ಕಳ ಸ್ಕೀ ರೇಸಿನ ಫೋಟೋ ನೋಡಿ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ, ‘ಮಕ್ಕಳನ್ನ ಹಿಮದ ಗುಡ್ಡದಿಂದ ಕೆಳಕ್ಕೆ ಬಿಡ್ತಾರಂತೆ, ಕಾಲು ಮುರಿದ್ರೆ ಯಾರು ಗತಿ’ ಅಂತ ಒಂದೇ ಸಮ ಹೇಳ್ತಾಳೆ ಅಂತ ಬರೆದಿದ್ದೀಯ. ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ ಅಳೋಕೆ ಶುರು ಮಾಡ್ತಾಳೆ. ಅದಕ್ಕೇ ವಿವರವಾಗಿ ಬರೀತಿದ್ದೀನಿ. ಮಧ್ಯಾಹ್ನ ಊಟ ಆದ್ಮೇಲೆ ಕೂರಿಸ್ಕೊಂಡು ನಿಧಾನವಾಗಿ ಓದಿ ಹೇಳು.

ಸ್ಕೀ ಅಂದ್ರೆ ಬೂಟಿಗೆ ಸಿಕ್ಕಿಸ್ಕೊಂಡು ಹಿಮದ ಮೇಲೆ ಜಾರೋ ಉದ್ದನೆಯ ಪಟ್ಟಿ. ಮೊದಲನೇದಾಗಿ, ಇದು ಟಿವಿಯಲ್ಲಿ ತೋರಿಸೋ, ಕಡಿದಾದ ಬೆಟ್ಟದಿಂದ ಭಾರಿ ವೇಗದಲ್ಲಿ ಇಳಿಯೋ ಡೌನ್‌ಹಿಲ್ ಅಲ್ಲ. ಇದರ ಹೆಸರು ನಾಸ್ಟಾರ್. ಸ್ಕೀ ಪತ್ರಿಕೆಯ ಸಂಪಾದಕರಾಗಿದ್ದ ಜಾನ್ ಫ್ರೈ 1968ರಲ್ಲಿ ಶುರು ಮಾಡಿದ್ದು, ಮಾಮೂಲಿ ಜನ ರಜೆ ದಿನ ಬಂದು ಓಡಲಿ ಅಂತ. ಜಾಸ್ತಿ ಕಡಿದಲ್ಲದ, ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರು. ಅದರ ಮೇಲೆ ಕೆಂಪು ಒಂದು, ನೀಲಿ ಒಂದು ಅಂತ ಸರದಿಯಲ್ಲಿ ಗೇಟು, ಅಂದ್ರೆ ಬಳಸ್ಕೊಂಡು ತಿರುಗಿ ಹೋಗಬೇಕಾದ ಕಂಬ, ನೆಟ್ಟಿರ್ತಾರೆ. ಇಪ್ಪತ್ತರ ಆಸುಪಾಸು ಗೇಟು, ಅರ್ಧ ನಿಮಿಷದ ಕೆಲಸ. ಒಬ್ಬೊಬ್ಬರಾಗಿ ಬಿಡ್ತಾರೆ. ಎರಡು ಸಾಲು ಪಕ್ಕಪಕ್ಕ ಹಾಕಿದ್ರೆ ಇಬ್ಬರನ್ನ ಒಟ್ಟಿಗೆ ಬಿಡ್ತಾರೆ, ಆದ್ರೆ ಅವರವರ ಸಾಲು ಅವರವರಿಗೆ. ಯಾರೂ ಯಾರಿಗೂ ಡಿಕ್ಕಿ ಹೊಡೆಯೋ ಪ್ರಶ್ನೆಯೇ ಇಲ್ಲ. ಗೇಟಿನ ಕಂಬದ ಬುಡದಲ್ಲಿ ಸ್ಪ್ರಿಂಗಿನ ಕೀಲಿರುತ್ತೆ, ತಾಗಿದ್ರೆ ಮಲಗಿ ಮತ್ತೆ ಎದ್ದು ನಿಲ್ಲುತ್ತೆ.

ನಮ್ಮ ಕೊಡಗು ಜಿಲ್ಲೆಯ ಸ್ಕೀ ಆಟಗಾರ್ತಿ ತೆಕ್ಕಡ ಭವಾನಿ ಆಡೋದು ಇದೇನಾ ಅಂತ ಅತ್ತಿಗೆ ಕೇಳಿದ್ರಂತೆ. ಅಲ್ಲ. ಅವರದು ಕ್ರಾಸ್ ಕಂಟ್ರಿ. ಕಡ್ಡಿಯಂಥ ಸಪೂರ ಸ್ಕೀ, ಹಿಮ್ಮಡಿ ಬಿಡುವಾಗಿರುತ್ತೆ, ಏರು ತಗ್ಗು ಎಲ್ಲ ತಮ್ಮ ಶಕ್ತಿಯಲ್ಲೇ ಕಿಲೋಮೀಟರ್‌ಗಟ್ಟಲೆ ಹೋಗಬೇಕು. ನನ್ನ ಕೇಳಿದ್ರೆ ಕಷ್ಟದ ಆಟ ಅದು. ನಮ್ಮದರಲ್ಲಿ ಹಿಮ್ಮಡಿಯೂ ಭದ್ರ, ಗುಡ್ಡವೇ ಕೆಳಗೆ ಎಳ್ಕೊಳ್ಳುತ್ತೆ, ಮೇಲೆ ಹೋಗೋಕೆ ಕುರ್ಚಿ ಲಿಫ್ಟ್ ಬೇರೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಾಶ್ಮೀರದ ಆರಿಫ್ ಖಾನ್ ಗೇಟು ಬಳಸ್ಕೊಂಡು ಇಳಿಯೋ ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾಗಿ ಬಂದ್ರಲ್ಲ, ನಮ್ಮದು ಅದೇ ಜಾತಿ. ತೀರಾ ಸಣ್ಣ ಮರಿ ಅಷ್ಟೇ.

ಈಗ ಕಾಲಿನ ವಿಷಯ. ಇದನ್ನ ಅಮ್ಮನಿಗೆ ಎರಡು ಸಲ ಓದು.

ಬೂಟಿಗೂ ಸ್ಕೀಗೂ ನಡುವೆ ಬೈಂಡಿಂಗ್ ಅಂತ ಇರುತ್ತೆ. ಅದರ ಕೆಲಸ ಕಾಲನ್ನ ಹಿಡಿದಿಡೋದು ಮಾತ್ರ ಅಲ್ಲ, ಹೊತ್ತಿಗೆ ಸರಿಯಾಗಿ ಬಿಟ್ಟುಕೊಡೋದು. ಮುಂದಿನ ಭಾಗ ಬೂಟಿನ ಮೂತಿಯನ್ನ ಹಿಡಿದಿರುತ್ತೆ, ಕಾಲು ತಿರುಚಿದ್ರೆ ಪಕ್ಕಕ್ಕೆ ಬಿಡುತ್ತೆ. ಹಿಂದಿನ ಭಾಗ ಹಿಮ್ಮಡಿ ಹಿಡಿದಿರುತ್ತೆ, ಮುಂದಕ್ಕೆ ಮುಗ್ಗರಿಸಿದ್ರೆ ಮೇಲಕ್ಕೆ ಬಿಡುತ್ತೆ. ಎಷ್ಟು ಬಲ ಬಿದ್ದಾಗ ಬಿಡಬೇಕು ಅನ್ನೋದಕ್ಕೆ ಒಂದು ನಂಬರ್ ಇದೆ, ಡಿನ್ ಅಂತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆ ಎಷ್ಟು ಮಿಲಿಮೀಟರ್, ಆಡೋರು ಹುಷಾರಿನವರಾ ರಭಸದವರಾ, ಇಷ್ಟನ್ನೂ ಪಟ್ಟಿಯಲ್ಲಿ ನೋಡಿ ಅಂಗಡಿಯ ಟೆಕ್ನಿಷಿಯನ್ ಸ್ಕ್ರೂ ತಿರುಗಿಸ್ತಾನೆ. ಹತ್ತು ವರ್ಷದ ಒಳಗಿನವರಿಗೂ ಐವತ್ತು ದಾಟಿದವರಿಗೂ ಪಟ್ಟಿಯಲ್ಲಿ ಒಂದು ಸಾಲು ಇಳಿಸಿಯೇ ಕೊಡ್ತಾರೆ, ಅಂದ್ರೆ ಇನ್ನೂ ಬೇಗ ಬಿಡಲಿ ಅಂತ. ಇಪ್ಪತ್ತೈದು ಕೆಜಿ ತೂಕದ, ಈಗಷ್ಟೇ ಕಲೀತಿರೋ ಮಗುವಿಗೆ ಈ ನಂಬರ್ ಎರಡರ ಆಸುಪಾಸು. ದೊಡ್ಡ ರೇಸಿನವರು ಹದಿನೈದರ ಮೇಲೆ ಇಟ್ಕೊಳ್ತಾರೆ, ಅದು ಅವರ ಹಣೆಬರಹ.

ನಂಬರ್ ತೀರಾ ಕಮ್ಮಿಯಾದ್ರೆ ಕೊರಕಲಲ್ಲಿ ಅದುರಿದಾಗ ಸ್ಕೀ ತಾನಾಗೇ ಕಳಚ್ಕೊಳ್ಳುತ್ತೆ. ಜಾಸ್ತಿಯಾದ್ರೆ ಬಿದ್ದಾಗ ಬಿಡೋದೇ ಇಲ್ಲ. ಸ್ಕೀ ಉದ್ದನೆಯ ಸನ್ನೆಗೋಲು, ಅದು ತಿರುಗಿದ ಹಾಗೆ ಮೊಣಕಾಲ ಕೆಳಗಿನ ಮೂಳೆಯೂ ತಿರುಗುತ್ತೆ. ಮಕ್ಕಳ ಕಾಲು ಮುರಿಯೋದು ಹೆಚ್ಚಾಗಿ ಹೀಗೇ, ರೇಸಿನಿಂದಲ್ಲ, ಬೈಂಡಿಂಗ್ ಸರಿಮಾಡಿಸದೆ ಹಾಕ್ಕೊಂಡು ಹೋಗೋದ್ರಿಂದ. ಹಾಗೆ ಆಗೋ ಸಂದರ್ಭ ಮೂರು. ಒಂದು, ಅಕ್ಕನ ಸ್ಕೀ ತಮ್ಮನಿಗೆ ಕೊಡೋದು. ಬೂಟಿನ ಉದ್ದ ಬೇರೆ, ತೂಕ ಬೇರೆ. ಹಿಮ್ಮಡಿ ಭಾಗ ಹಿಂದೆಮುಂದೆ ಸರಿಸಿ ಒತ್ತಡ ಮತ್ತೆ ಹೊಂದಿಸದೆ ಹಾಕೋ ಹಾಗೇ ಇಲ್ಲ. ಇನ್ನೊಂದು, ಬಾಡಿಗೆ ಅಂಗಡಿಯ ಫಾರಂನಲ್ಲಿ ತೂಕ ಸುಳ್ಳು ಬರೆಯೋದು. ಇಲ್ಲಿನ ದೊಡ್ಡವರು ನಾಚ್ಕೊಂಡು ಹತ್ತು ಕೆಜಿ ಕಮ್ಮಿ ಬರೀತಾರೆ, ಗಂಡಸರು ತಮ್ಮನ್ನ ರಭಸದವರ ಸಾಲಿಗೆ ಸೇರಿಸ್ಕೊಳ್ತಾರೆ. ಮೂರನೇದು ಬೂಟಿನ ತಳದಲ್ಲಿ ಅಂಟಿದ ಹಿಮ. ಅದನ್ನ ಕೆರೆದು ತೆಗೆಯದೆ ಬೈಂಡಿಂಗ್ ಒಳಗೆ ತುಳಿದ್ರೆ ‘ಟಕ್’ ಅಂತ ಸದ್ದು ಬರುತ್ತೆ, ಕೂತ ಹಾಗೇ ಕಾಣುತ್ತೆ, ಆದ್ರೆ ಪೂರ್ತಿ ಕೂತಿರಲ್ಲ. ಮಣ್ಣು ಮರಳು ಸೇರಿದ್ರೆ ಬಿಡಬೇಕಾದ ಕಡೆ ಕಚ್ಕೊಳ್ಳುತ್ತೆ. ಕಾಲು ಎತ್ತಿ ಸ್ಕೀ ಕೋಲಿನ ತುದಿಯಿಂದ ಕೆರೀಬೇಕು, ಹಿಮ್ಮಡಿ ಕಡೆ ಒಂದು ಸಲ, ಮೂತಿ ಕಡೆ ಒಂದು ಸಲ, ಆಮೇಲೆ ತುಳಿಯೋದು. ಧೃತಿಗೂ ಶಮಂತನಿಗೂ ಇದು ಚಪ್ಪಲಿ ಬಿಟ್ಟು ಒಳಗೆ ಬರೋಷ್ಟೇ ರೂಢಿ. ವರ್ಷಕ್ಕೊಂದು ಸಲ ಅಂಗಡಿಯಲ್ಲಿ ಮೆಷಿನ್ನಿಗೆ ಹಾಕಿ, ಹೇಳಿದ ಬಲಕ್ಕೇ ಬಿಡುತ್ತಾ ಅಂತ ಅಳೆದು ಚೀಟಿ ಕೊಡ್ತಾರೆ. ಆ ಚೀಟಿ ನನ್ನ ಹತ್ತಿರ ಇದೆ ಅಂತ ಅಮ್ಮನಿಗೆ ಹೇಳು.

ಬೂಟು ಇನ್ನೊಂದು. ನಮ್ಮ ಕಡೆ ಮಕ್ಕಳಿಗೆ ಬೆಳೆಯೋ ಕಾಲು ಅಂತ ಎರಡು ಸೈಜ್ ದೊಡ್ಡದು ತಗೊಳ್ತೀವಲ್ಲ, ಇಲ್ಲಿ ಅದು ನಡೆಯಲ್ಲ. ಅಳತೆ ಸೆಂಟಿಮೀಟರಲ್ಲಿ. ಒಳಗಿನ ಮೆತ್ತೆ ಬೂಟು ತೆಗೆದು, ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಬರಿಗಾಲು ಇಟ್ಟು, ಬೆರಳು ಮುಂದೆ ತಾಗಿಸಿದಾಗ ಹಿಮ್ಮಡಿ ಹಿಂದೆ ಒಂದೂವರೆ ಬೆರಳು, ಹೆಚ್ಚೆಂದ್ರೆ ಎರಡು ಬೆರಳು ಹಿಡಿಸಬೇಕು. ಅದಕ್ಕಿಂತ ಸಡಿಲ ಇದ್ರೆ ಒಳಗೆ ಹಿಮ್ಮಡಿ ಎದ್ದುಬಿಡುತ್ತೆ, ಮಗು ಮಂಡಿ ತಿರುಗಿಸಿದ್ರೂ ಸ್ಕೀ ತಿರುಗಲ್ಲ. ಕಾಲುಚೀಲ ಒಂದೇ, ತೆಳ್ಳಗಿನದು. ಅಮ್ಮ ಹೆಣೆದು ಕಳಿಸಿದ ಉಣ್ಣೆಯದು ಮನೆಯಲ್ಲಿ ಹಾಕ್ತಾರೆ, ಬೂಟಿನೊಳಗೆ ಆಗಲ್ಲ. ಎರಡು ಚೀಲ ಹಾಕಿದ್ರೆ ಬೆಚ್ಚಗಿರುತ್ತೆ ಅನ್ಕೋತೀವಿ, ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತೆ. ಒಳಪ್ಯಾಂಟಿನ ಅಂಚನ್ನೂ ಬೂಟಿನೊಳಗೆ ತುರುಕೋ ಹಾಗಿಲ್ಲ, ಮಡಿಕೆ ಬಿದ್ದ ಕಡೆ ಮೊಣಕಾಲ ಕೆಳಗೆ ನೋವು. ರಾತ್ರಿ ಬೂಟನ್ನ ಕಾರಲ್ಲೇ ಬಿಟ್ರೆ ಬೆಳಿಗ್ಗೆ ಪ್ಲಾಸ್ಟಿಕ್ ಸೆಟೆದು ಕಾಲೇ ಒಳಗೆ ಹೋಗಲ್ಲ.

ಹೆಲ್ಮೆಟ್ ಇಲ್ಲದೆ ನಾವು ಮಕ್ಕಳನ್ನ ರೇಸಿಗೆ ಬಿಡೋದೇ ಇಲ್ಲ. ಸೈಕಲ್ಲಿನದು ಅಲ್ಲ, ಸ್ಕೀಗೇ ಮಾಡಿದ್ದು. ಒಂದು ಸಲ ಜೋರಾಗಿ ಏಟು ಬಿದ್ರೆ ಸೀಳು ಕಾಣದಿದ್ರೂ ಎಸೆದು ಹೊಸದು ತರಬೇಕು.

(ಅಣ್ಣ, ಈ ಪ್ಯಾರಾ ಅಮ್ಮನಿಗೆ ಓದಬೇಡ. ಬೈಂಡಿಂಗ್ ಮೂಳೆ ಉಳಿಸುತ್ತೆ, ಮಂಡಿಯ ಒಳಗಿನ ಎಸಿಎಲ್ ನಾರನ್ನ ಉಳಿಸುತ್ತೆ ಅನ್ನೋ ಹಾಗಿಲ್ಲ. ಅದು ಹರಿಯೋದು ನಿಧಾನವಾಗಿ ಹಿಂದಕ್ಕೆ ಕುಕ್ಕರಿಸೋವಾಗ. ಸೊಂಟ ಮಂಡಿಗಿಂತ ಕೆಳಗಿಳಿದು, ಭಾರವೆಲ್ಲ ಒಂದೇ ಸ್ಕೀಯ ಒಳ ಅಂಚಿಗೆ ಬಿದ್ದಾಗ ಸ್ಕೀಯ ಬಾಲ ಮಂಡಿಯನ್ನ ತಿರುಚುತ್ತೆ. ಇದು ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು. ಬೀಳ್ತಿದ್ದೀನಿ ಅನ್ನಿಸಿದ್ರೆ ಕೈ ಎರಡೂ ಮುಂದೆ ಚಾಚಿ, ಸ್ಕೀ ಎರಡೂ ಜೋಡಿಸಿ, ಬಿದ್ದುಬಿಡಬೇಕು. ಜಾರೋದು ಪೂರ್ತಿ ನಿಲ್ಲೋ ತನಕ ಎದ್ದೇಳೋಕೆ ಹೋಗಬಾರದು. ಗಂಡಸರು ಮರ್ಯಾದೆಗೆ ಅಂಜಿ ಅಲ್ಲೇ ಏಳೋಕೆ ನೋಡ್ತಾರೆ, ಆಗಲೇ ಆಗೋದು. ಇವರಿಗೆ ನೀನೂ ಒಂದು ಮಾತು ಹೇಳು, ನಾನು ಹೇಳಿದ್ರೆ ಕೇಳಲ್ಲ.)

ಮುಂದೆ ಓದು. ಗೇಟಿನ ಮೇಲೆ ನೇರ ನುಗ್ಗಿ ಆಮೇಲೆ ತಿರುಗೋಕೆ ಹೋಗೋದು ಹೊಸಬರೆಲ್ಲ ಮಾಡೋದೇ. ಹಾಗೆ ಮಾಡಿದ್ರೆ ಎಲ್ಲ ತಿರುವೂ ಗೇಟಿನ ಕೆಳಗೆ ಬೀಳುತ್ತೆ, ಮುಂದಿನ ಗೇಟಿಗೆ ಇನ್ನೂ ತಡ, ಅದರ ಮುಂದಿನದಕ್ಕೆ ಇನ್ನೂ ತಡ, ನಾಲ್ಕನೇದರ ಹೊತ್ತಿಗೆ ದಾರಿಯೇ ತಪ್ಪಿರುತ್ತೆ. ತಿರುವಿನ ಮುಕ್ಕಾಲು ಪಾಲು ಗೇಟಿನ ಮೇಲ್ಗಡೆಯೇ ಮುಗೀಬೇಕು, ಗೇಟಿನ ಪಕ್ಕ ಹೋಗೋವಾಗ ಸ್ಕೀ ಆಗಲೇ ಮುಂದಿನದರ ಕಡೆ ಮುಖ ಮಾಡಿರಬೇಕು. ಕಣ್ಣು ಎರಡು ಗೇಟು ಮುಂದೆ. ಎರಡೂ ಸ್ಕೀಯ ತುದಿ, ಎರಡೂ ಪಾದ ಗೇಟಿನ ಗೆರೆ ದಾಟಿರಬೇಕು, ಇಲ್ಲದಿದ್ರೆ ಆ ಓಟ ಲೆಕ್ಕಕ್ಕಿಲ್ಲ. ರೇಸಿಗೆ ಮೊದಲು ಸಾಲಿನ ಪಕ್ಕದಲ್ಲಿ ಅಡ್ಡ ಜಾರ್ಕೊಂಡು ಇಳಿದು ಎಲ್ಲಿ ಕೊರಕಲಿದೆ, ಎಲ್ಲಿ ನೆರಳಲ್ಲಿ ಮಂಜುಗಡ್ಡೆ ಕಟ್ಟಿದೆ ಅಂತ ನೋಡಿಟ್ಕೊಳ್ಳೋಕೆ ಬಿಡ್ತಾರೆ. ಬಿದ್ರೆ ಮೊದಲು ಸಾಲಿನಿಂದ ಆಚೆ ಸರಿಯೋದು, ಸ್ಕೀ ಹುಡುಕೋದೆಲ್ಲ ಆಮೇಲೆ.

ಶುರುವಿನಲ್ಲಿ ಮೊಣಕಾಲ ಮಟ್ಟಕ್ಕೆ ಅಡ್ಡ ಕಡ್ಡಿ ಒಂದಿರುತ್ತೆ. ಕಾಲು ಅದನ್ನ ತಳ್ಳಿದಾಗ ಗಡಿಯಾರ ಓಡುತ್ತೆ, ಕೆಳಗೆ ಬೆಳಕಿನ ಕಿರಣ ದಾಟಿದಾಗ ನಿಲ್ಲುತ್ತೆ. ಅದಕ್ಕೇ ಕೋಲು ಊರಿ ಮೈಯನ್ನ ಮೊದಲು ಮುಂದೆ ಎಸೆದು ಕಾಲು ಕೊನೆಗೆ ತರ್ತಾರೆ. ಪುಕ್ಕಟೆ ಸಿಗೋ ಸಮಯ ಅದು.

ಮೆಡಲ್ ಲೆಕ್ಕ ನಿನಗೆ ಹಿಡಿಸುತ್ತೆ. ಗಾಲ್ಫ್‌ನ ಹ್ಯಾಂಡಿಕ್ಯಾಪ್, ಅಂದ್ರೆ ಬೇರೆಬೇರೆ ಮಟ್ಟದ ಆಟಗಾರರನ್ನ ಹೋಲಿಸೋಕೆ ಕೊಡೋ ನಂಬರ್, ಅದನ್ನ ನೋಡಿಯೇ ಮಾಡಿದ್ದು. ಪ್ರತಿ ಗುಡ್ಡದಲ್ಲೂ ಮೊದಲು ಒಬ್ಬ ಪೇಸ್‌ಸೆಟರ್ ಓಡ್ತಾನೆ. ಇಡೀ ದೇಶದ ಅತಿ ವೇಗದವನಿಗಿಂತ ಅವನು ಶೇಕಡ ಎಷ್ಟು ಹಿಂದೆ ಅಂತ ಮೊದಲೇ ಅಳೆದಿಟ್ಟಿರ್ತಾರೆ. ಅವನು ಶೇಕಡ 8 ಹಿಂದೆ ಅಂದ್ಕೊ, ಇವತ್ತು 27 ಸೆಕೆಂಡಲ್ಲಿ ಇಳಿದ. ಹಾಗಾದ್ರೆ ಆ ಅತಿ ವೇಗದವನು ಇಲ್ಲಿ 25 ಸೆಕೆಂಡಲ್ಲಿ ಇಳೀತಿದ್ದ ಅಂತ ಲೆಕ್ಕ. ನೀನು 35 ಸೆಕೆಂಡ್ ತಗೊಂಡ್ರೆ ಹತ್ತು ಸೆಕೆಂಡ್ ಹಿಂದೆ, ಅದು 25ರ ಶೇಕಡ 40, ಹಾಗಾಗಿ ನಿನ್ನ ಹ್ಯಾಂಡಿಕ್ಯಾಪ್ 40. ವಯಸ್ಸು, ಗಂಡು ಹೆಣ್ಣು ನೋಡಿ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು. ಗುಡ್ಡ ಬೇರೆ, ಹಿಮ ಬೇರೆ ಆದ್ರೂ ನಂಬರ್ ಹೋಲಿಸಬಹುದು. ಹಾಗಾಗಿ ಎಂಟು ವರ್ಷದ ಹುಡುಗಿ ಅಪ್ಪನಿಗಿಂತ ತಡವಾಗಿ ಬಂದ್ರೂ ಅವಳಿಗೆ ಬೆಳ್ಳಿ, ಅಪ್ಪನಿಗೆ ಏನೂ ಇಲ್ಲ. ಮನೆಗೆ ಬರೋ ತನಕ ಕಾರಲ್ಲಿ ಇದೇ ಮಾತು.

ಅಮ್ಮನಿಗೆ ನಗು ಬರೋದು ಬೇಕಿದ್ರೆ ಇದನ್ನ ಹೇಳು: ಇಲ್ಲಿ ಹಿಮಕ್ಕೆ ಉಪ್ಪು ಹಾಕ್ತಾರೆ! ಬಿಸಿಲಿಗೆ ಹಿಮ ಪಿಚಿಪಿಚಿ ಆದಾಗ ಮೂಟೆ ಬಿಚ್ಚಿ ಎರಚ್ತಾರೆ. ಉಪ್ಪು ಬಿದ್ದ ಕಡೆ ಸ್ವಲ್ಪ ಕರಗುತ್ತೆ, ಕರಗೋಕೆ ಬೇಕಾದ ಶಾಖವನ್ನ ಅಕ್ಕಪಕ್ಕದ ಹಿಮದಿಂದಲೇ ಎಳ್ಕೊಳ್ಳುತ್ತೆ, ಅದು ತಣ್ಣಗಾಗಿ ಗಟ್ಟಿ ಕೂರುತ್ತೆ. ಒದ್ದೆ ಹಿಮಕ್ಕೆ ಮಾತ್ರ ಇದು, ಒಣ ಹಿಮಕ್ಕೆ ಹಾಕಿ ಪ್ರಯೋಜನ ಇಲ್ಲ. ಗಟ್ಟಿ ನೆಲಕ್ಕೆ ಸ್ಕೀಯ ಉಕ್ಕಿನ ಅಂಚು ಹರಿತ ಇರಬೇಕು. ಉಗುರಿನ ಬೆನ್ನನ್ನ ಅಂಚಿಗೆ ಅಡ್ಡ ಎಳೆದ್ರೆ ಬಿಳಿ ಪುಡಿ ಉದುರಬೇಕು, ಆಗ ಸರಿ. ಕಲ್ಲಿಗೆ ತಾಗಿ ಮುಳ್ಳೆದ್ದಿದ್ರೆ ಮೊದಲು ಡೈಮಂಡ್ ಕಲ್ಲಲ್ಲಿ ಉಜ್ಜಿ ಆಮೇಲೆ ಅರ ಹಾಕ್ಬೇಕು, ಏಟು ಬಿದ್ದ ಕಡೆ ಉಕ್ಕು ಗಡುಸಾಗಿ ಅರದ ಹಲ್ಲನ್ನೇ ತಿನ್ನುತ್ತೆ. ಇವರು ಗ್ಯಾರೇಜಿನಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಕೊಂಡು ಸ್ಕೀಗೆ ಮೇಣ ಹಚ್ಚೋದು ಅಮ್ಮ ನೋಡಬೇಕು, ಒಂದು ದಿನವೂ ಅಂಗಿ ಇಸ್ತ್ರಿ ಮಾಡಿದವರಲ್ಲ. ಹೊಗೆ ಬಂದ್ರೆ ಪೆಟ್ಟಿಗೆ ಜಾಸ್ತಿ ಕಾದಿದೆ ಅಂತ.

ಎತ್ತರದ ವಿಷಯವೂ ನೀನು ಕೇಳಿದ್ದೆ. ನಮ್ಮ ಪುಷ್ಪಗಿರಿ 1712 ಮೀಟರ್. ಇಲ್ಲಿ ಗುಡ್ಡದ ಬುಡವೇ 2,900 ಮೀಟರಿನ ಸುಮಾರಿಗೆ. ಮೊದಲ ದಿನ ತಲೆನೋವು ಬರುತ್ತೆ, ನೀರು ಜಾಸ್ತಿ ಕುಡಿದು ನಿಧಾನ ಮಾಡಿದ್ರೆ ಹೋಗುತ್ತೆ. ಬಿಸಿಲು ಹಿಮಕ್ಕೆ ಬಡಿದು ಕೆಳಗಿಂದಲೂ ಬರೋದ್ರಿಂದ ಗಲ್ಲದ ಅಡಿ, ಮೂಗಿನ ಕೆಳಗೂ ಕ್ರೀಮ್ ಹಚ್ಬೇಕು. ಧೃತಿ ಕಪ್ಪಗಾಗಿದ್ದಾಳೆ ಅಂತ ಅತ್ತಿಗೆ ಹೇಳಿದ್ದು ಅದಕ್ಕೇ.

ಇಷ್ಟೆಲ್ಲ ಹೇಳಿದ ಮೇಲೂ ಅಮ್ಮ ಒಪ್ಪದಿದ್ರೆ ಒಂದು ಮಾತು ಕೇಳು: ಒಂಟಿ ಬಿದಿರಿನ ಏಣಿ ಸಿಲ್ವರ್ ಓಕ್‌ಗೆ ಒರಗಿಸಿ ಮೂವತ್ತು ಅಡಿ ಮೇಲೆ ನೀನು ಮೆಣಸು ಕೊಯ್ತೀಯಲ್ಲ, ಅದಕ್ಕೆ ಯಾವ ಬೈಂಡಿಂಗ್ ಇದೆ? ಇಲ್ಲಿ ಸಾಲಿನ ಉದ್ದಕ್ಕೂ ಬಲೆ ಕಟ್ಟಿರ್ತಾರೆ, ಬದಿಯಲ್ಲಿ ಕೆಂಪು ಜಾಕೆಟ್ಟಿನ ಸ್ಕೀ ಪಟ್ರೋಲ್, ಅಂದ್ರೆ ಬಿದ್ದವರಿಗೆ ಸಹಾಯ ಮಾಡೋ ತಂಡದವರು, ಜಾರುಗಾಡಿ ಇಟ್ಕೊಂಡು ನಿಂತಿರ್ತಾರೆ. ಇನ್ಶೂರೆನ್ಸ್ ಇದೆ. ಮಕ್ಕಳು ಚೆನ್ನಾಗಿ ಊಟ ಮಾಡ್ತಿದ್ದಾರೆ, ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ, ಕಾಲು ನಾಲ್ಕೂ ನೆಟ್ಟಗಿವೆ. ನಿಜವಾಗ್ಲೂ ಏನೂ ಯೋಚನೆ ಮಾಡೋದು ಬೇಡ. ಮುಂದಿನ ರೇಸಿನ ಫೋಟೋ ಗ್ರೂಪಿಗೆ ಹಾಕಬೇಡಿ ಅಂತ ಇವರಿಗೆ ಹೇಳಿದ್ದೀನಿ, ನಿನಗೆ ಮಾತ್ರ ಕಳಿಸ್ತೀನಿ.

ಶಮಂತನ ಸ್ಕೂಲ್ ಬಸ್ ಬರೋ ಹೊತ್ತಾಯ್ತು. ಅಮ್ಮನ ಬಿಪಿ ಮಾತ್ರೆ ತಪ್ಪಿಸಬೇಡ. ಮೆಣಸು ಈಗಲೇ ಮಾರಬೇಡ, ಸ್ವಲ್ಪ ತಡೆ. ಅತ್ತಿಗೆಗೆ, ಚಿನ್ನುಗೆ ನೆನಪು ತಿಳಿಸು. ಕಾಫಿಯ ಹೂಮಳೆ ಬಿದ್ದ ದಿನ ಮೆಸೇಜ್ ಹಾಕು.

ನಿನ್ನ ತಂಗಿ,
ಸುಮ