ಚಹಾ ಮಾರುವವನು ಬಾರದ ರೈಲು

ಕೊಪ್ಪಳ

ಪ್ರೀತಿಯ ತಂಗೀ,

ನಿನ್ನ ಗೂಢಚಾರ ಕಾದಂಬರಿಯ ಹಸ್ತಪ್ರತಿ ಓದಿ ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಾರಣ ನೀನೇ. ಮೊದಲ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ‘ಕೊನೆ ಗೊತ್ತಾದ ಮೇಲೆ ಯಾರಾದರೂ ಎರಡನೇ ಸಲ ಓದುತ್ತಾರಾ ಅಣ್ಣಾ?’ ಅಂತ ಬರೆದಿದ್ದೀಯಲ್ಲ, ಅದು ತಲೆಯಲ್ಲಿ ಕೂತುಬಿಟ್ಟಿತು. ಅಟ್ಟದ ಮೇಲಿನ ಡಿವಿಡಿ ಪೆಟ್ಟಿಗೆ ಇಳಿಸಿದೆ. ಮಗ ಎಂದೋ ತಂದುಕೊಟ್ಟಿದ್ದ ‘ಮಿಷನ್: ಇಂಪಾಸಿಬಲ್’. ಸಿನಿಮಾ ಅಲ್ಲ, ಅದರ ಹಿರೀಕ. 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್‌ನಲ್ಲಿ ಬಂದ, ಬ್ರೂಸ್ ಗೆಲರ್ ಕಟ್ಟಿದ ಧಾರಾವಾಹಿ, ಗುಟ್ಟಿನ ಕೆಲಸಕ್ಕೆ ಹೋಗುವ ಗೂಢಚಾರರ ತಂಡವೊಂದರ ಕತೆ. ಏಳು ಸೀಸನ್, 171 ಕಂತು. ನನಗೆ ಹಿಂದೆ ಹಿಡಿಸಿದ್ದ ಏಳೆಂಟನ್ನಷ್ಟೇ ಆರಿಸಿಕೊಂಡು ರಾತ್ರಿ ಊಟವಾದ ಮೇಲೆ ಕೂತೆ. ಪ್ರತಿಯೊಂದರ ಕೊನೆಯೂ ಗೊತ್ತಿತ್ತು. ಒಂದರಲ್ಲೂ ತೂಕಡಿಸಲಿಲ್ಲ. ನನ್ನ ವಯಸ್ಸಿಗೆ ಇದು ಸಣ್ಣ ಮಾತಲ್ಲ.

ಮೊದಲ ಮಜ ಶೀರ್ಷಿಕೆಯಲ್ಲೇ ಇದೆ. ಕಡ್ಡಿ ಗೀರುತ್ತದೆ, ಬತ್ತಿ ಉರಿಯುತ್ತ ಓಡುತ್ತದೆ, ಲಾಲೋ ಶಿಫ್ರಿನ್ ಅವರ ಸಂಗೀತ ನಮ್ಮ ಖಂಡಗತಿಯಂತೆ ಐದೈದು ಎಣಿಸುತ್ತದೆ. ಅದರ ನಡುವೆ ಅವತ್ತಿನ ಕಂತಿನದೇ ತುಣುಕುಗಳು ಮಿಂಚಿ ಹೋಗುತ್ತವೆ. ಮುಂದೆ ಏನೇನು ಬರಲಿದೆ ಅನ್ನುವುದನ್ನು ಮೊದಲೇ ಮುಖಕ್ಕೆ ಹಿಡಿದುಬಿಟ್ಟ ಹಾಗೆ! ನೀನು ಮುನ್ನೂರು ಪುಟ ಬಚ್ಚಿಟ್ಟು ಕಾಪಾಡಿದ ಗುಟ್ಟನ್ನು ಅವರು ಬಾಗಿಲಲ್ಲೇ ಚೆಲ್ಲಿ ಒಳಗೆ ಕರೆಯುತ್ತಾರೆ.

1967ರ ‘ದಿ ಟ್ರೇನ್’ ಕಂತನ್ನು ನೋಡು. ಕಾಯಿಲೆಯ ಪ್ರಧಾನಿಯೊಬ್ಬ ತಪ್ಪು ಮನುಷ್ಯನನ್ನು ಉತ್ತರಾಧಿಕಾರಿ ಮಾಡಹೊರಟಿದ್ದಾನೆ. ಆ ಮನುಷ್ಯನ ನಿಜ ಬಣ್ಣ ಬಯಲಾಗಬೇಕು. ಅದಕ್ಕೆ ತಂಡ ಇಬ್ಬರನ್ನೂ ರೈಲು ಹತ್ತಿಸುತ್ತದೆ. ಆದರೆ ಬೋಗಿ ನಿಂತಲ್ಲೇ ನಿಂತಿರುತ್ತದೆ. ಕಿಟಕಿಯಾಚೆ ಓಡುವ ಮರ, ಬಯಲು ಎಲ್ಲ ಪರದೆಯ ಮೇಲಿನ ಚಿತ್ರ. ನಮ್ಮ ತೊಗಲುಗೊಂಬೆಯವರ ಲೆಕ್ಕವೇ: ಒಂದು ಪರದೆ, ಹಿಂದೊಂದು ಬೆಳಕು. ನಮ್ಮದೇ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಆಟದಲ್ಲಿ ರಾವಣ ಸಾಯುತ್ತಾನೆಂದು ಕೂಸಿಗೂ ಗೊತ್ತು. ಆದರೂ ಬೆಳಗಿನ ಜಾವದ ತನಕ ಜನ ಏಳುವುದಿಲ್ಲ.

ಆ ಕಂತಿನ ಹೊತ್ತಿಗೆ ನಿಮ್ಮ ವೈನಿ ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕತೆ ಅವಳಿಗೆ ಗೊತ್ತಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಸ್ವಲ್ಪ ಹೊತ್ತು ನೋಡಿ ಅಂದಳು: ‘ಇಷ್ಟೊತ್ತಾದ್ರೂ ಒಬ್ಬನೂ ಚಾ ಮಾರಾಕ ಬರಲಿಲ್ಲ. ಇದು ಸುಳ್ಳು ರೈಲು ಐತಿ ನೋಡ್ರಿ.’

ನಾನು ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ. ನಿನ್ನ ಹನ್ನೊಂದನೇ ಅಧ್ಯಾಯದಲ್ಲಿ ನಾಯಕ ಹೊಸಪೇಟೆಯಿಂದ ಕೊಪ್ಪಳಕ್ಕೆ ರೈಲಿನಲ್ಲಿ ಬರುತ್ತಾನಲ್ಲ, ಅವನ ರೈಲಿಗೂ ಚಹಾದವನು ಬರಲಿಲ್ಲ. ತುಂಗಭದ್ರೆಯ ಸೇತುವೆ ಬಂದಾಗ ಗಾಲಿಯ ಸದ್ದು ಬದಲಾಗಲಿಲ್ಲ. ಮುನಿರಾಬಾದ್ ಬಂತೆಂದು ಯಾರೂ ಎದ್ದು ಚೀಲ ಹುಡುಕಲಿಲ್ಲ. ಅಂದರೆ ನೀನೂ ಅವನನ್ನು ನಿಂತ ಬೋಗಿಯಲ್ಲೇ ಕೂರಿಸಿದ್ದೀಯ, ಕಿಟಕಿಗೆ ಪರದೆ ಕಟ್ಟುವುದನ್ನೂ ಮರೆತು. ಕಣ್ಣು ಕಟ್ಟಿಸಿ ಕರೆತಂದ ಗೂಢಚಾರನಿಗೆ ಸೇತುವೆಯ ಸದ್ದೊಂದರಿಂದಲೇ ತಾನೆಲ್ಲಿದ್ದೇನೆ ಅಂತ ಗೊತ್ತಾಗುತ್ತಿತ್ತು. ಎಂಥ ಅವಕಾಶ ಕಳೆದುಕೊಂಡೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1969ರ ‘ದಿ ಮೈಂಡ್ ಆಫ್ ಸ್ಟೆಫಾನ್ ಮಿಕ್ಲೋಸ್’. ಬರೆದವರು ಪಾಲ್ ಪ್ಲೇಡನ್. ತಂಡ ತಲುಪಿಸಿರುವ ಸುಳ್ಳು ಮಾಹಿತಿಯನ್ನು ಶತ್ರುಗಳು ನಿಜವೆಂದೇ ನಂಬಬೇಕು. ಅವರ ಕಡೆಯಿಂದ ತನಿಖೆಗೆ ಬರುವ ಮಿಕ್ಲೋಸ್ ಒಮ್ಮೆ ಕಂಡದ್ದನ್ನು ಮರೆಯದವನು, ಮಹಾ ಸಂಶಯದವನು. ಅವನ ಕೈಗೆ ನೇರ ಸಾಕ್ಷಿ ಕೊಟ್ಟರೆ ಕೆಟ್ಟಿತು, ಮೂಸಿ ಬಿಸಾಡುತ್ತಾನೆ. ಹಾಗಾಗಿ ತಂಡದವರು ತೀರ ಸಣ್ಣ ತಪ್ಪುಗಳನ್ನು ಅಲ್ಲಲ್ಲಿ ಬಿಟ್ಟುಹೋಗುತ್ತಾರೆ, ಅವನಷ್ಟು ಚುರುಕಿನವನ ಕಣ್ಣಿಗೆ ಮಾತ್ರ ಬೀಳುವಂಥವು. ಅವನು ಅವನ್ನು ಹೆಕ್ಕಿ, ಜೋಡಿಸಿ, ತಾನೇ ಕಂಡುಹಿಡಿದೆನೆಂಬ ಹೆಮ್ಮೆಯಿಂದ ತಪ್ಪು ತೀರ್ಮಾನಕ್ಕೆ ಹೋಗುತ್ತಾನೆ. ಗುಂಡು ಹಾರಿಸಿ ಗೆಲ್ಲುವ ಕತೆಯಲ್ಲ, ಎದುರಾಳಿಯ ಜಾಣತನದ ಮೇಲೆ ಭರವಸೆಯಿಟ್ಟು ಗೆಲ್ಲುವ ಕತೆ. ಎರಡನೇ ಸಲ ನೋಡುವಾಗ ಪ್ರತಿ ಸುಳಿವು ಬೀಳುವ ಜಾಗವನ್ನು ಕಾಯುತ್ತ ಕೂತಿದ್ದೆ, ಗಾಳ ಹಾಕಿ ಬೆಂಡು ನೋಡುವವನ ಹಾಗೆ.

ನಿನ್ನ ಓದುಗನನ್ನು ನೀನು ಮಿಕ್ಲೋಸ್ ಅಂದುಕೊಂಡಿಲ್ಲ, ದಡ್ಡ ಅಂದುಕೊಂಡಿದ್ದೀಯ. ಸುಳಿವು ಕೊಟ್ಟು ಮರುಸಾಲಿನಲ್ಲೇ ‘ಇದೇ ಮುಂದೆ ಮುಖ್ಯವಾಗಲಿತ್ತು’ ಅಂತ ಬರೆಯುತ್ತೀಯ. ಅಂಥ ಹದಿನೇಳು ಸಾಲುಗಳಿಗೆ ಕೆಂಪು ಗೆರೆ ಎಳೆದಿದ್ದೇನೆ.

ಮುಖವಾಡದ ತಂತ್ರವನ್ನು ಮಾತ್ರ ಅವರಿಂದ ಕಲಿಯಬೇಡ. ತಂಡದ ವೇಷಗಾರನಾಗಿ ನಟಿಸಿದ ಮಾರ್ಟಿನ್ ಲ್ಯಾಂಡೌ ಮುಖದಿಂದ ಮುಖ ಸುಲಿಯುವುದು ಮೊದಮೊದಲು ಚಂದವೇ, ಆದರೆ ಕತೆ ಸಿಕ್ಕಿಕೊಂಡಾಗಲೆಲ್ಲ ರಬ್ಬರ್ ಮುಖ ತೆಗೆದರೆ ಅದು ಸೋಮಾರಿತನ. ನಾವು ಸಣ್ಣವರಿದ್ದಾಗ ಮನೆ ಮುಂದೆ ಬರುತ್ತಿದ್ದ ಹಗಲುವೇಷದವನಿಗೆ ಹಚ್ಚಿದ ಬಣ್ಣ ಎಲ್ಲರಿಗೂ ಕಾಣುತ್ತಿತ್ತು. ಅವನು ಹೆದರಿಸುತ್ತಿದ್ದದ್ದು ನಡಿಗೆಯಿಂದ, ದನಿಯಿಂದ.

ಇನ್ನು ನಿನ್ನ ಅಣೆಕಟ್ಟಿನ ಪ್ರಸಂಗ. ಖಳನಾಯಕ ತುಂಗಭದ್ರೆಯ ಗೇಟು ಮುರಿಯುತ್ತಾನೆ, ‘ಕೊನೆಗೆ ಹೇಗೋ ಸರಿಪಡಿಸಿದರು’ ಅಂತ ಮುಗಿಸಿದ್ದೀಯ. ಹೇಗೋ? 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನೀನು ಗಂಗಾವತಿಯಲ್ಲೇ ಇದ್ದವಳು. ಮೂವತ್ತಮೂರು ಗೇಟಿನಲ್ಲಿ ಒಂದು ಹೋದದ್ದಕ್ಕೆ ಭತ್ತದ ರೈತರು ನಿದ್ದೆಗೆಟ್ಟದ್ದು ನಿನಗೆ ಗೊತ್ತು. ನೀರು ಧುಮುಕುತ್ತಿರುವಾಗಲೇ ಸ್ಟಾಪ್‌ಲಾಗ್ ಅನ್ನುವ ಕಬ್ಬಿಣದ ಅಡ್ಡತುಂಡುಗಳನ್ನು ಇಳಿಸಿದರು, ಒಂದರ ಮೇಲೊಂದು. ನೀರು ನಿಂತಿತೆಂದು ಇವತ್ತು ನಮಗೆಲ್ಲ ಗೊತ್ತು. ಆದರೂ ಆ ಕ್ರೇನಿನ ಹಗ್ಗ, ಆ ಕಬ್ಬಿಣದ ತುಂಡು ನೀರಿಗೆ ತಾಗಿ ನಡುಗುವುದು, ಮೇಲೆ ನಿಂತವರ ಕೈಸನ್ನೆ, ಇದನ್ನು ನೀನು ಎಂಟು ಪುಟ ಬರೆದರೂ ನಾನು ಉಸಿರು ಬಿಗಿಹಿಡಿದು ಓದುತ್ತೇನೆ, ಎರಡನೇ ಸಲವೂ. ಕೆಲಸ ಮಾಡಿದವರನ್ನು ಹುಡುಕಿ ಹೋಗಿ ಮಾತಾಡು. ಕೈಯಲ್ಲಿ ಏನು ಹಿಡಿದಿದ್ದರು, ಯಾವುದಕ್ಕೆ ಏನು ಅನ್ನುತ್ತಾರೆ, ಅದನ್ನೇ ಕೇಳು.

ಸಂಭಾಷಣೆ ಬಗ್ಗೆ ಒಂದೇ ಮಾತು: ಸಿಂಧನೂರಿನ ನಿನ್ನ ಪೊಲೀಸ್ ಪೇದೆ ಡಬ್ಬಿಂಗ್ ಕನ್ನಡ ಮಾತಾಡುತ್ತಾನೆ. ಅವನನ್ನು ಊರಿಗೆ ಕಳಿಸು.

ಹಸ್ತಪ್ರತಿ ಬಸ್ಸಿನಲ್ಲಿ ಕೊಟ್ಟು ಕಳಿಸುವುದಿಲ್ಲ, ನೀನೇ ಬಾ. ರವಿವಾರವಾದರೆ ಒಳ್ಳೆಯದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾಡಿಸುತ್ತೇನೆ, ಮಿಕ್ಲೋಸ್ ಕಂತನ್ನು ಮೂರನೇ ಸಲ ನೋಡೋಣ. ರೈಲಿನಲ್ಲೇ ಬಾ. ಚಹಾದವನು ಯಾವ ಸ್ಟೇಷನ್ ದಾಟಿದ ಮೇಲೆ ಬಂದ, ಏನೆಂದು ಕೂಗಿದ, ಬರೆದುಕೊಂಡು ಬಾ. ನಿಮ್ಮ ವೈನಿ ಕೇಳುತ್ತಾಳೆ.

ನಿನ್ನ ಅಣ್ಣ